ಅತ್ತಿಗೆ ಹಾಕಿದ ಆಕ್ಷೇಪ

ನಮ್ಮ ಅತ್ತಿಗೆ ದಾರದ ಕಾರ್ಖಾನೆಯಲ್ಲಿ ದಾರ ಹರಿಯುವ ಕೆಲಸ ಮಾಡುತ್ತಾಳೆ. ಅವಳು ಹಾಗೆ ಹೇಳುವುದಿಲ್ಲ, 'ಗುಣಮಟ್ಟ ವಿಭಾಗ' ಎನ್ನುತ್ತಾಳೆ. ಆದರೆ ನಾನು ಹೋಗಿ ನೋಡಿದ್ದೇನೆ. ಉದ್ದನೆಯ ಕೋಣೆ, ಮೇಜಿನ ಮೇಲೊಂದು ಯಂತ್ರ, ಅದಕ್ಕೆರಡು ಹಿಡಿ. ಆ ಹಿಡಿಗಳ ನಡುವೆ ದಾರ ಸಿಕ್ಕಿಸಿ, ತುಂಡಾಗುವ ತನಕ ಎಳೆಯುತ್ತಾಳೆ. ತುಂಡಾದರೆ ಇನ್ನೊಂದು ಸಿಕ್ಕಿಸುತ್ತಾಳೆ. ಸಂಜೆ ಮನೆಗೆ ಬಂದ ಮೇಲೆ ದಾರದ ಜಾಗದಲ್ಲಿ ನಾವಿರುತ್ತೇವೆ.

"ಮದುವೆಗೆ ಮೊದಲು ನನ್ನನ್ನ ಎರಡು ವರ್ಷ ಟೆಸ್ಟಿಂಗಲ್ಲಿ ಇಟ್ಟಿದ್ಲು," ಎನ್ನುತ್ತಾನೆ ಅಣ್ಣ.

"ಈಗಲೂ ಅಲ್ಲೇ ಇದ್ದೀರಿ," ಎನ್ನುತ್ತಾಳೆ ಅವಳು, ಲ್ಯಾಪ್‌ಟಾಪಿನಿಂದ ತಲೆ ಎತ್ತದೆ.

ಊಟದ ಮೇಜಿನ ಗೋಡೆ ಕಡೆಯ ತುದಿ ಅವಳದು. ಪಾತ್ರೆ ತೊಳೆಯುವುದು ನನ್ನ ಪಾಳಿಯಾದ ದಿನ ಅವಳು ಅಲ್ಲಿ ಕೂತು ಕಂಪ್ಯೂಟರ್ ನಡೆಸುವ ಲಿನಕ್ಸ್ ಡಿಸ್ಟ್ರಿಬ್ಯೂಷನ್ ಒಂದಕ್ಕೆ ಸ್ವಯಂಸೇವೆ ಮಾಡುತ್ತಾಳೆ. ತಿಳಿಯದವರಿಗೆ ಹೇಳುವುದಾದರೆ ಅದೊಂದು ದೊಡ್ಡ ಉಗ್ರಾಣ. ಯಾರ್ಯಾರೋ ಬರೆದು ಪುಕ್ಕಟೆ ಕೊಟ್ಟ ಸಾಫ್ಟ್‌ವೇರುಗಳನ್ನು ಕೇರಿ, ಕಲ್ಲು ಆರಿಸಿ, ಒಪ್ಪವಾಗಿ ಜೋಡಿಸಿಡುತ್ತಾರೆ. ಬೇಕಾದವರು ಕಣ್ಣುಮುಚ್ಚಿ ಎತ್ತಿಕೊಂಡು ಹೋಗಬಹುದು. ಹೊಸ ಪ್ಯಾಕೇಜು, ಅಂದರೆ ಹಾಗೆ ಕಟ್ಟಿದ ಸಾಫ್ಟ್‌ವೇರಿನ ಗಂಟು, ಒಳಗೆ ಬರಬೇಕಾದರೆ ಒಬ್ಬರು ಪರಿಶೀಲಿಸಿ 'ಆಗಬಹುದು' ಎನ್ನಬೇಕು. ಸಂಖ್ಯಾಶಾಸ್ತ್ರದ್ದೇನಾದರೂ ಬಂದರೆ ಅದು ಅತ್ತಿಗೆಯ ಪಾಲಿಗೆ. ಈ ಕೆಲಸಕ್ಕೆ ಸಂಬಳವಿಲ್ಲ. ಬೈಗುಳ ಮಾತ್ರ ಧಾರಾಳ.

ಇನ್ನು ನಾನು. ತಾಯಿ-ಮಗು ಆರೋಗ್ಯ ಕಚೇರಿಯಲ್ಲಿ ಗುತ್ತಿಗೆ ನೌಕರ, ಹುದ್ದೆಯ ಹೆಸರು ಅಂಕಿಅಂಶ ಸಹಾಯಕ. ನನಗೆ ಬರುವುದು ಒಂದೇ ವಿದ್ಯೆ. ನವಜಾತ ಶಿಶುಗಳ ತೂಕವನ್ನು ಒಂದು ಹಳೆಯ ಪ್ರೋಗ್ರಾಮಿಗೆ ತುಂಬಿ ಗುಂಡಿ ಒತ್ತುವುದು. ಅದು ಸರಾಸರಿ ಹೇಳುತ್ತದೆ. ಜೊತೆಗೆ, ಆ ಸರಾಸರಿಯನ್ನು ಎಷ್ಟರಮಟ್ಟಿಗೆ ನಂಬಬಹುದು, ಎಷ್ಟು ಆಚೀಚೆ ಇರಬಹುದು ಎಂಬ ಅಂದಾಜನ್ನೂ ಹೇಳುತ್ತದೆ. ಕಚೇರಿಯಲ್ಲಿ ಆ ಪ್ರೋಗ್ರಾಮು ಬಲ್ಲವನು ನಾನೊಬ್ಬನೇ. ಹಾಳೂರಿಗೆ ಉಳಿದವನೇ ಗೌಡ ಎಂಬಂತೆ ಆ ಮೂಲೆಯಲ್ಲಿ ನನ್ನದೇ ದರ್ಬಾರು.

ಅಷ್ಟರಲ್ಲಿ ಕಚೇರಿಯ ಕಂಪ್ಯೂಟರುಗಳನ್ನೆಲ್ಲ ಇದೇ ಡಿಸ್ಟ್ರಿಬ್ಯೂಷನ್ನಿನ ಹೊಸ ಆವೃತ್ತಿಗೆ ಬದಲಾಯಿಸುತ್ತೇವೆ ಎಂದು ಆದೇಶ ಬಂತು. ಉಗ್ರಾಣದಲ್ಲಿ ಇದ್ದದ್ದನ್ನು ಮಾತ್ರ ಬಳಸಬೇಕು, ಹೊರಗಿನದ್ದು ಕೂಡದು. ನನ್ನ ಪ್ರೋಗ್ರಾಮು ಅಲ್ಲಿರಲಿಲ್ಲ. ಬೇರೆ ಒಳ್ಳೆಯವು ಇದ್ದವು. ಆದರೆ ಅವನ್ನು ಬಲ್ಲವರು ಕೇಂದ್ರ ಕಚೇರಿಯಲ್ಲಿ ಬೇಕಾದಷ್ಟಿದ್ದರು.

"ಅದು ಬರ್ಲಿಲ್ಲ ಅಂದ್ರೆ ನಿಮ್ಮ ಗುತ್ತಿಗೆ ಮುಂದುವರಿಸಿ ಅಂತ ಯಾವ ಬಾಯಲ್ಲಿ ಕೇಳಲಿ?" ಎಂದರು ಸಾಹೇಬರು. ಒಳ್ಳೆಯ ಮನುಷ್ಯ, ಇರುವ ಬಾಯಿ ಒಂದೇ.

ರಜೆಗಳನ್ನೆಲ್ಲ ಸುರಿದು, ಹೇಗೋ ಕಲಿತು, ನಾನೇ ಅದನ್ನು ಪ್ಯಾಕೇಜು ಮಾಡಿ ಉಗ್ರಾಣಕ್ಕೆ ಕಳಿಸಿದೆ. ಪರಿಶೀಲಕರ ಹೆಸರು ನೋಡಿದರೆ ನಮ್ಮ ಅತ್ತಿಗೆ! ರೊಟ್ಟಿ ಜಾರಿ ತುಪ್ಪಕ್ಕೆ ಬಿತ್ತು ಅಂದುಕೊಂಡೆ. ಅವಳು ಎಲ್ಲರಿಗೂ ಕಾಣುವಂತೆ ಬರೆದ ಮೊದಲ ಸಾಲು ಹೀಗಿತ್ತು: 'ಇದನ್ನು ಕಳಿಸಿದವನು ನನ್ನ ಮೈದುನ. ನಾನು ಒಪ್ಪಿದರೂ ಇನ್ನೊಬ್ಬರು ನೋಡಬೇಕು.'

"ಅತ್ತಿಗೆ, ಊರಿಗೆಲ್ಲ ಡಂಗುರ ಹೊಡೀಬೇಕಿತ್ತಾ?"

"ಆಮೇಲೆ ಬೇರೆಯವರು ಹೊಡೀತಾರೆ ಕಣೋ. ನಾನೇ ಹೊಡೆದ್ರೆ ಸದ್ದು ಕಡಿಮೆ."

ಮೊದಲು ಪರವಾನಗಿ ನೋಡಿದಳು. ಪ್ರತಿ ಕಡತವನ್ನು ಯಾರು ಬರೆದರು, ಹಂಚಲು ಒಪ್ಪಿಗೆ ಇದೆಯೇ ಎಂದು ಒಂದೊಂದನ್ನೇ ತೆರೆದು ಓದಿದಳು. ಅದರಲ್ಲಿ ಪಾಸಾದೆ. ಪ್ರೋಗ್ರಾಮು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಪರೀಕ್ಷೆಗಳೂ ಇದ್ದವು. ಎಲ್ಲದರಲ್ಲೂ ಹಸಿರು, ಅಂದರೆ ಪಾಸು. ನಾನು ಮೀಸೆ ತಿರುವುವಷ್ಟರಲ್ಲಿ ಅವಳು ಕೇಳಿದಳು, "ಈ ಪರೀಕ್ಷೆಗಳ 'ಸರಿ ಉತ್ತರ'ಗಳು ಎಲ್ಲಿಂದ ಬಂದ್ವು?"

"ಪ್ರೋಗ್ರಾಮಿಂದಲೇ. ಒಂದ್ಸಲ ಓಡಿಸಿ, ಬಂದದ್ದನ್ನ ಎತ್ತಿಟ್ಟಿದ್ದಾರೆ."

"ಅಂದ್ರೆ ನಿನ್ನೆ ಹೇಳಿದ್ದನ್ನೇ ಇವತ್ತೂ ಹೇಳ್ತೀನಿ ಅಂತ. ಸುಳ್ಳುಗಾರನಿಗೂ ಅಷ್ಟು ನೆನಪಿರುತ್ತೆ."

ಪ್ರೋಗ್ರಾಮು ಬರೆದವರು ದೂರದೂರಿನ ಒಬ್ಬ ನಿವೃತ್ತ ಮೇಷ್ಟ್ರು. ಹೆತ್ತವರಿಗೆ ಹೆಗ್ಗಣ ಮುದ್ದು. ಅವರಿಗೆ ಅನುಮಾನ ಬಂದಿರಲಿಲ್ಲ. ಪ್ಯಾಕೇಜು ಮಾಡಿದ ನನಗಂತೂ ಅನುಮಾನಪಡುವಷ್ಟು ಜ್ಞಾನವೇ ಇರಲಿಲ್ಲ.

ಅತ್ತಿಗೆಯ ಪದ್ಧತಿ ಬೇರೆ. ಕೈಯಲ್ಲಿ ಲೆಕ್ಕ ಮಾಡಿ ತಾನೇ ಉತ್ತರ ತೆಗೆಯಬಲ್ಲ ಸಣ್ಣ ಅಂಕಿಗಳನ್ನೇ ಕೊಡುತ್ತಾಳೆ. ಅದೂ ಮನೆಯಲ್ಲೇ ಅಳೆದದ್ದು. ಈ ಸಲ ಕೊಟ್ಟದ್ದನ್ನು ಪರದೆಯ ಮೇಲೆ ನೋಡಿ ನನಗೆ ಅರ್ಥವಾಗಲಿಲ್ಲ.

"ಏನಿದು?"

"ನೀನು ದಿನಾ ಬಚ್ಚಲಲ್ಲಿ ಕಳೆಯೋ ನಿಮಿಷಗಳು. ಹೊರಗೆ ಟವಲ್ ಹಿಡ್ಕೊಂಡು ನಿಂತಾಗ ನನಗೆ ಬೇರೆ ಕೆಲಸ ಇರುತ್ತಾ?"

"ಮಧ್ಯೆ ಖಾಲಿ ಬಿಟ್ಟಿರೋದು?"

"ಸ್ನಾನ ಮಾಡದ ದಿನ."

ಅಣ್ಣನಿಗೆ ಕುಡಿಯುತ್ತಿದ್ದ ನೀರು ನೆತ್ತಿಗೇರಿತು.

ಸರಾಸರಿ ಅತ್ತಿಗೆಯ ಲೆಕ್ಕಕ್ಕೆ ಸರಿಯಾಗಿ ಬಂತು. ಆಚೀಚಿನ ಅಂದಾಜು ಬರಲಿಲ್ಲ. ಪ್ರೋಗ್ರಾಮು ಅವಳ ಲೆಕ್ಕಕ್ಕಿಂತ ಚಿಕ್ಕದು ಹೇಳಿತು. ಮತ್ತೆ ಕೂಡಿದಳು, ಮತ್ತೆ ಕಳೆದಳು. ಆಮೇಲೆ ಪ್ರೋಗ್ರಾಮಿನ ಒಳಗನ್ನೇ ತೆರೆದು ಬೆರಳಿಟ್ಟು ಓದುತ್ತ ಹೋದಳು. ಒಂದು ಕಡೆ ಬೆರಳು ನಿಂತಿತು. ಸರಾಸರಿ ತೆಗೆಯುವಾಗ ಅದು ಖಾಲಿ ದಿನಗಳನ್ನು ಬಿಡುತ್ತಿತ್ತು, ಸರಿಯೇ. ಆಚೀಚಿನ ಅಂದಾಜಿಗೆ ಬಂದಾಗ ಮಾತ್ರ ಆ ಖಾಲಿಗಳನ್ನೂ ಎಣಿಸುತ್ತಿತ್ತು.

"ಖಾಲಿ ಕುರ್ಚಿನೂ ಸಾಕ್ಷಿ ಹೇಳ್ತು ಅಂತ ಬರ್ಕೊಂಡ ಹಾಗೆ," ಎಂದಳು. "ಸಾಕ್ಷಿ ಜಾಸ್ತಿ ಅಂದ್ಕೊಂಡು ಧೈರ್ಯ ಜಾಸ್ತಿ ಮಾಡ್ಕೊಂಡಿದೆ."

ನಮ್ಮ ಕಚೇರಿಯ ಪಟ್ಟಿಗಳಲ್ಲಿ ಖಾಲಿ ಜಾಗವೇ ಹೆಚ್ಚು. ತಕ್ಕಡಿ ಕೆಟ್ಟಿರುತ್ತದೆ, ಹೆರಿಗೆ ಮನೆಯಲ್ಲೇ ಆಗಿರುತ್ತದೆ. ಆದರೂ ಹೆದರಿದ್ದು ನನ್ನ ಕೆಲಸಕ್ಕೇ.

"ಅತ್ತಿಗೆ, ಇನ್ನೊಂದು ವಾರಕ್ಕೆ ಈ ಆವೃತ್ತಿಯ ಬಾಗಿಲು ಮುಚ್ತಾರೆ. ಈಗ ಬಿಟ್ಬಿಡಿ. ಮುಂದಿನ ಆವೃತ್ತಿಗೆ ಸರಿ ಮಾಡೋಣ. ಇಲ್ಲಾಂದ್ರೆ ನನ್ನ ಗುತ್ತಿಗೆ ಹೋಗುತ್ತೆ."

ಅವಳು ಎದ್ದು ಹೋಗಿ, ನಾನು ತೊಳೆದಿಟ್ಟಿದ್ದ ಲೋಟಗಳನ್ನೇ ಇನ್ನೊಮ್ಮೆ ತೊಳೆಯತೊಡಗಿದಳು. ಅಣ್ಣ ನನ್ನನ್ನು ನೋಡಿದ, ನಾನು ಗೋಡೆ ನೋಡಿದೆ.

"ಹೊರಗಿರೋ ತನಕ ಬಳಸೋರು ಸ್ವಲ್ಪ ಅನುಮಾನದಿಂದ ನೋಡ್ತಾರೆ," ಎಂದಳು ಕೊನೆಗೆ, ನಲ್ಲಿಯ ಕಡೆ ಮುಖ ಮಾಡಿಯೇ. "ಒಳಗೆ ಬಂದ ಮೇಲೆ ಯಾರೂ ನೋಡಲ್ಲ. ಯಾರೋ ನೋಡಿದ್ದಾರೆ ಅಂತ ನಂಬ್ತಾರೆ. ಆ ಯಾರೋ ಅನ್ನೋಳು ನಾನು ಕಣೋ. ನಿನ್ನ ಕೆಲಸ ಹೋದ್ರೆ ಕೂರಿಸಿ ಅನ್ನ ಹಾಕ್ತೀನಿ. ಇದಕ್ಕೆ ಹೂಂ ಅನ್ನಲ್ಲ."

ಕೈ ಒರೆಸಿಕೊಂಡು ಬಂದು ಆಕ್ಷೇಪ ಹಾಕಿದಳು. ನಾನು ಎರಡು ದಿನ ಮುಖ ಊದಿಸಿಕೊಂಡಿದ್ದೆ. ಅವಳು ಎರಡು ದಿನವೂ ನನ್ನ ಬುತ್ತಿಗೆ ದಿನದಷ್ಟೇ ಹಾಕಿದಳು, ಒಂದು ತುತ್ತು ಹೆಚ್ಚಿಲ್ಲ, ಕಡಿಮೆಯಿಲ್ಲ.

ಮೇಷ್ಟ್ರು ಸಜ್ಜನರು, ತಪ್ಪು ಒಪ್ಪಿ, ಧನ್ಯವಾದ ಹೇಳಿ ಸರಿಪಡಿಸಿದರು. ಅಷ್ಟರಲ್ಲಿ ಬಾಗಿಲು ಮುಚ್ಚಿತ್ತು. ಪ್ಯಾಕೇಜು ಹೊರಗೇ ಉಳಿಯಿತು.

ಆ ವಾರ ಹಿಂದಿನ ವರದಿಯನ್ನು ಸರಿಯಾದ ರೀತಿಯಲ್ಲಿ ಮತ್ತೆ ಲೆಕ್ಕ ಹಾಕಿದೆ. ಒಂದು ಬಡಾವಣೆಯಲ್ಲಿ ಮಕ್ಕಳ ತೂಕ ಖಂಡಿತ ಹೆಚ್ಚಿದೆ ಎಂದು ಬರೆದುಕೊಟ್ಟಿದ್ದೆ. ಆ ಮಾತಿನ ಮೇಲೆ ಅಲ್ಲಿ ಮನೆಮನೆಗೆ ಹೋಗುವ ನರ್ಸುಗಳನ್ನು ಬೇರೆಡೆಗೆ ಕಳಿಸುವ ಯೋಚನೆ ನಡೆದಿತ್ತು. ಈಗ ನೋಡಿದರೆ ಹೆಚ್ಚಿದೆ ಎನ್ನಲು ಬರುವುದೇ ಇಲ್ಲ. ಸಾಹೇಬರ ಕೋಣೆಯ ಹೊರಗೆ ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದೆ. ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಆ ವರದಿಗೆ 'ಯಾರೋ' ಅನ್ನುವವನು ನಾನೇ ಆಗಿದ್ದೆ. ಒಳಗೆ ಹೋಗಿ ಎಲ್ಲ ಹೇಳಿದೆ.

"ಇದನ್ನ ಕಂಡುಹಿಡಿದವರು ನೀವಾ?"

"ಅಲ್ಲ ಸರ್, ನಮ್ಮ ಅತ್ತಿಗೆ."

"ಅವರು ಕೆಲಸಕ್ಕೆ ಬರ್ತಾರಾ?"

ನರ್ಸುಗಳನ್ನು ಅಲ್ಲೇ ಉಳಿಸಿದರು. ನನ್ನ ಗುತ್ತಿಗೆಯನ್ನು, ಹಳೆಯ ವರದಿಗಳನ್ನೆಲ್ಲ ತಿದ್ದಿ ಮುಗಿಸುವ ತನಕ ಮಾತ್ರ ಎಂದು ಬರೆದರು. ಆಮೇಲಿನದು ಆಮೇಲೆ.

ಮನೆಗೆ ಬಂದು ಅತ್ತಿಗೆಗೆ ಹೇಳಿದೆ. ಅವಳು ಲ್ಯಾಪ್‌ಟಾಪನ್ನು ಗೋಡೆ ಕಡೆಗೆ ಸರಿಸಿ, ನನ್ನ ಕಾಗದಗಳಿಗೆ ಮೇಜಿನಲ್ಲಿ ಜಾಗ ಮಾಡಿದಳು.

"ಅತ್ತಿಗೆ, ಮುಗಿದ ದಿನ ನನ್ನ ಕೆಲಸಾನೂ ಮುಗೀತು. ನಿಧಾನಕ್ಕೆ ಮಾಡ್ಲಾ?"

"ಸರಿಯಾಗಿ ಮಾಡು," ಎಂದಳು. "ಸರಿಯಾಗಿ ಮಾಡಿದ್ರೆ ತಾನಾಗೇ ನಿಧಾನ ಆಗುತ್ತೆ."