ಬಾವಿಯೊಳಗಿನ ‘ಆಗು’

ಮೂವತ್ತಾರನೆಯ ಇಸವಿಯಲ್ಲಿ ಕೊರಟಗೆರೆ ಸೀಮೆಯಲ್ಲೊಂದು ಸರ್ಕಾರಿ ಬಾವಿ ಕಟ್ಟುತ್ತಿದ್ದರು. ಮೇಲೆ ರಾಟೆಯ ಪಕ್ಕ ನಿಂತು ಹಗ್ಗದಲ್ಲಿ ಕಲ್ಲು ಇಳಿಸುವವನು ಚಿಕ್ಕಹನುಮಯ್ಯ. ಕನ್ನಡ ಬಿಟ್ಟರೆ ಬೇರೆ ಮಾತು ಬಾರದು. ತಳದಲ್ಲಿ ಗೋಡೆ ಕಟ್ಟುವವನು ಪಾವಗಡದಾಚೆಯಿಂದ ಬಂದ ಸಂಜೀವಯ್ಯ. ಅವನಿಗೆ ಬರೀ ತೆಲುಗು. ನಡುವೆ ಮಣ್ಣು ಹೊರುವ ಗಂಗಲಕ್ಷ್ಮಮ್ಮ. ಎರಡೂ ಬಲ್ಲವಳು ಅಲ್ಲಿ ಅವಳೊಬ್ಬಳೇ. ಕೆಳಗಿನಿಂದ ಕೂಗು ಬಂದರೆ, ತಲೆಯ ಮೇಲಿನ ಮಣ್ಣಿನ ಮಂಕರಿ ಇಳಿಸಿ, “ನಿಲ್ಸಣ್ಣೋ”, “ಬುಡಣ್ಣೋ” ಎಂದು ಮೇಲಕ್ಕೆ ದಾಟಿಸುತ್ತಿದ್ದಳು. ಅದನ್ನು ಕೆಲಸವೆಂದು ಯಾರೂ ಎಣಿಸಿರಲಿಲ್ಲ.

ಒಂದು ಮಧ್ಯಾಹ್ನ ಉಣ್ಣುವಾಗ ಸಂಜೀವಯ್ಯ ಎಂದಿನಂತೆ ತನ್ನ ತೆಲುಗಿನಲ್ಲಿ ‘ಏನು’ ಎನ್ನಲು “ಏಮಿ?” ಎಂದ.

“ಲೇ, ಬಾಯ್ಬುಟ್ರೆ ಎಮ್ಮೆ ಅಂತೀಯಲ್ಲ, ನಾನೇನು ನಿಮ್ಮಟ್ಟಿ ಎಮ್ಮೆಯೇನ್ಲಾ?” ಎಂದು ಚಿಕ್ಕಹನುಮಯ್ಯ ಕುಶಾಲು ಮಾಡಿದ.

ಎಲ್ಲರೂ ನಕ್ಕರು. ಎಮ್ಮೆ ಎಂಬ ಕನ್ನಡದ ಆ ಒಂದು ಮಾತು ಮಾತ್ರ ತಿಳಿದ ಸಂಜೀವಯ್ಯ, ತನ್ನನ್ನೇ ಎಮ್ಮೆ ಎಂದರೆಂದು ಎದ್ದು ಅವನ ಅಂಗಿ ಹಿಡಿದ. ಗಂಗಲಕ್ಷ್ಮಮ್ಮ ನಡುವೆ ನುಗ್ಗಿ ಅವನಿಗೆ ತೆಲುಗಿನಲ್ಲಿ, ಇವನಿಗೆ ಕನ್ನಡದಲ್ಲಿ ಸಮಾಧಾನ ಹೇಳುವಷ್ಟರಲ್ಲಿ ಮೇಸ್ತ್ರಿ ಪರ್ವತಯ್ಯ ಬಂದ.

“ಇಬ್ರಿಗೂ ಕಿವಿ ಊದೋಳು ನೀನೇ. ನಾಳೆಯಿಂದ ಬರಬ್ಯಾಡ.”

“ಕೆಳಗಿನ್ ಕೂಗ ಮೇಲಕ್ಕೆ ಯಾರು ಹೇಳ್ತಾರೆ ಸೋಮಿ?”

“ಕಲ್ಲು ಇಳ್ಸಾಕೆ ಮಾತ್ಯಾಕೆ? ನಡಿಯಮ್ಮ!”

ಆಮೇಲೆ ಮೂರು ದಿನ ಇಬ್ಬರೂ ತುಟಿ ಬಿಚ್ಚಲಿಲ್ಲ. ಜಗಳ ತೀರಿತೆಂದು ಮೇಸ್ತ್ರಿ ಬೀಗಿದ. ಆಳುಗಳ ಬಾಯಿ ಮುಚ್ಚಿಸಿ ಅದನ್ನೇ ಶಾಂತಿಯೆನ್ನುವ ಯಜಮಾನರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ನಾಲ್ಕನೆಯ ದಿನ ಕಲ್ಲು ಅರ್ಧ ಇಳಿದಿತ್ತು. ಕೆಳಗೆ ಸಂಜೀವಯ್ಯನ ಕಾಲು ಸಂದಿಯಲ್ಲಿ ಸಿಕ್ಕಿಕೊಂಡಿತು. “ಆಗು! ಆಗು!” ಎಂದು ಚೀರಿದ. ತೆಲುಗಿನಲ್ಲಿ ಅದು ‘ನಿಲ್ಲು’. ಬಾವಿಯೊಳಗೆ ಸುತ್ತಿ ಮೇಲೇರುವಷ್ಟರಲ್ಲಿ ಚಿಕ್ಕಹನುಮಯ್ಯನಿಗೆ ಕೇಳಿಸಿದ್ದು ‘ಆಗ್ಲಿ’. ಹಗ್ಗ ಸಡಿಲಿಸಿದ.

ಮೊಣಕಾಲಿನಿಂದ ಕೆಳಗೆ ಕಾಲು ಜಜ್ಜಿಹೋಯಿತು.

“ಮೊನ್ನೆ ಜಗಳ ಆಗಿತ್ತಲ್ಲ, ಬೇಕಂತ್ಲೇ ಬುಟ್ಟ” ಎಂದಿತು ಜನ. ಕೂಲಿಗಳ ಅಜಾಗರೂಕತೆ ಎಂದು ಮೇಸ್ತ್ರಿ ಬರೆದು ಕಳಿಸಿದ. ಚಿಕ್ಕಹನುಮಯ್ಯನನ್ನು ಕೆಲಸದಿಂದ ತೆಗೆದರು. ಅದು ಅವನನ್ನು ಸುಡಲಿಲ್ಲ. ಬೇಕೆಂದೇ ಬಿಟ್ಟನೆಂದು ಸಂಜೀವಯ್ಯನೂ ನಂಬಿಬಿಟ್ಟರೆ? ಗಂಗಲಕ್ಷ್ಮಮ್ಮನನ್ನು ಹುಡುಕಿ ಅವಳ ಗುಡಿಸಲಿಗೆ ಓಡಿದ. ಅವಳು ಕೆಲಸ ಹುಡುಕಿ ಸಿರಾ ಕಡೆ ಹೋಗಿದ್ದಳು.

ಮರುದಿನ ಸಂಜೀವಯ್ಯನನ್ನು ಊರಿಗೆ ಸಾಗಿಸಲು ಮೋಟಾರಿಗೆ ಹತ್ತಿಸಿದರು. ಚಿಕ್ಕಹನುಮಯ್ಯ ಕಿಟಕಿಯ ಸರಳು ಹಿಡಿದುಕೊಂಡ.

“ಬೇಕಂತ ಬುಡ್ಲಿಲ್ಲ ಕಣಣ್ಣ. ಆಗ್ಲಿ ಅಂದಂಗೆ ಕೇಳಿಸ್ತು. ನಮ್ಮವ್ವನಾಣೆ!”

ಸಂಜೀವಯ್ಯ ಕಣ್ಣು ತೆರೆದು ಅವನನ್ನೇ ನೋಡಿದ. ತೆಲುಗಿನಲ್ಲಿ ತಡೆತಡೆದು ಉದ್ದಕ್ಕೆ ಏನೋ ಹೇಳಿದ. ಬೈದನೋ ಮನ್ನಿಸಿದನೋ, ಮುಖದಲ್ಲಿ ನೋವು ಬಿಟ್ಟು ಬೇರೇನೂ ಕಾಣಲಿಲ್ಲ. ಮೋಟಾರು ಹೊರಟಿತು.

ಕೇಳಿದ ಸದ್ದುಗಳನ್ನು ಬಾಯಲ್ಲಿ ಇಟ್ಟುಕೊಂಡು, ಗುನುಗಿಕೊಳ್ಳುತ್ತ, ಅವನು ಮಧುಗಿರಿಯ ದಾರಿ ಹಿಡಿದ. ಎದುರಾದವರನ್ನೆಲ್ಲ ತಡೆದು “ತೆಲುಗು ಬತ್ತದಾ?” ಎಂದ. ಪ್ರತಿ ಸಲ ನಿಂತಾಗಲೂ ಒಂದೊಂದು ಮಾತು ಉದುರಿತು. ಪೇಟೆಯಲ್ಲಿ ತೆಲುಗು ಬಲ್ಲ ಬಂಡಿಯವನು ಸಿಕ್ಕಾಗ ಉಳಿದಿದ್ದು ಒಂದೇ.

“ನೀಕು ಅಂದ.”

“ನೀಕು ಅಂದ್ರೆ ನಿಂಗೆ ಅಂತ ಕಣಣ್ಣ. ನಿಂಗೆ ಏನಂತೆ?”

“ಅದೇ ತಿಳೀದು ಕಣಪ್ಪ” ಎಂದ ಚಿಕ್ಕಹನುಮಯ್ಯ.