ಬಂಡೆಪ್ಪನ ಹಡಗಿನ ಹೊಗೆ

ಹುಮನಾಬಾದಿನ ಬಂಡೆಪ್ಪ ಸಮುದ್ರ ಕಂಡವನಲ್ಲ. ಲಾರಿಗಳ ಹಿಂದೆ ನವಿಲು, ಗುಲಾಬಿ ಬರೆಯುತ್ತಿದ್ದ ಕೈ ಅವನದು. ಕಂಪ್ಯೂಟರ್ ಕಲಿತವರಿಗೆಲ್ಲ ಹೈದರಾಬಾದು ಅನ್ನ ಹಾಕುತ್ತದೆಂದು ಸುದ್ದಿ ಹಬ್ಬಿದ್ದ ಕಾಲ. ಅವನೂ ಅಮೀರ್‌ಪೇಟೆಯಲ್ಲಿ ಅನಿಮೇಷನ್ ಕೋರ್ಸು ಮುಗಿಸಿ ಮಣಿಕೊಂಡದ ಒಂದು ಸ್ಟುಡಿಯೋ ಸೇರಿದ. ಸೇರಿದ್ದು ಟೆಂಪರರಿ.

ಅಲ್ಲಿ ಆಗ ಇಂಗ್ಲೆಂಡಿನ ಟಿವಿಯವರಿಗಾಗಿ ಒಂದು ಉಗಿ ಯುದ್ಧನೌಕೆಯ ಚರಿತ್ರೆಯ ಚಿತ್ರ ತಯಾರಾಗುತ್ತಿತ್ತು. ವಿಕ್ಟೋರಿಯಾ ರಾಣಿಯ ಕಾಲದ ಹಡಗು. ಹೊಟ್ಟೆಯಲ್ಲಿ ಬಾಯ್ಲರು, ತಲೆಯ ಮೇಲೆ ಹಾಯಿ. ಎರಡನ್ನೂ ಹೊತ್ತು ಚೀನಾದ ಕಡಲಿನಲ್ಲಿ ಕಡಲ್ಗಳ್ಳರನ್ನು ಅಟ್ಟಿತು, ಆಫ್ರಿಕಾದ ತೀರದಲ್ಲೊಂದು ಕೋಟೆಗೆ ಗುಂಡು ಹಾಕಿತು. ಹೊಸ ಉಕ್ಕಿನ ಹಡಗುಗಳು ಬಂದ ಮೇಲೆ ಯಾರಿಗೂ ಬೇಡವಾಗಿ, ಬಂದರಿನಲ್ಲಿ ಕಲ್ಲಿದ್ದಲು ತುಂಬುವ ಗೋದಾಮಾಯಿತು. ಇಷ್ಟೂ ಬಾಳುವೆಯನ್ನು ಕಂಪ್ಯೂಟರಿನಲ್ಲಿ ಕಟ್ಟಬೇಕು. ಚೆಂದ ಕಾಣಲೆಂದು ಟಿವಿಯವರು ಹಡಗು ಓಡುವ ಪ್ರತಿ ದೃಶ್ಯದಲ್ಲೂ ಬಿಚ್ಚಿದ ಹಾಯಿ ಕೇಳಿದ್ದರು. ಮೈಸೂರಿನ ಋಷಭನಿಗೆ ಹಾಯಿಗಳು, ಬಂಡೆಪ್ಪನಿಗೆ ಹೊಗೆ. ಕೆಲಸ ಮುಗಿದ ಮೇಲೆ ಇಬ್ಬರಲ್ಲಿ ಒಬ್ಬನೇ ಖಾಯಂ.

ಬಂಡೆಪ್ಪ ಆ ಹೊಗೆಯನ್ನು ಕೂಸು ಸಾಕಿದಂತೆ ಸಾಕಿದ. ಅವನ ಹೆಂಡತಿ ಶಿವದೇವಿಯೋ, "ನಮ್ಮನಿಯವರು ಫಾರಿನ್ ಪಿಚ್ಚರಿಗೆ ಹಡಗ ಮಾಡಾಕತ್ತಾರ" ಎಂದು ಊರಿಗೆಲ್ಲ ಡಂಗುರ ಸಾರಿಬಿಟ್ಟಿದ್ದಳು. ಇನ್ನು ಕೆಲಸ ಹೋದರೆ ಲಾರಿ ಬಣ್ಣಕ್ಕೆ ಮರಳಲು ಮುಖವೆಲ್ಲಿದೆ? ಆ ಹೆದರಿಕೆಗೆ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಇಂಗ್ಲೆಂಡಿನವರು ಕೆಲಸ ನೋಡಿ ಒಪ್ಪಬೇಕಾದ ದಿನ ಬೆಳಿಗ್ಗೆ ಅವನು ಮೆಹದಿಪಟ್ಟಣಂ ಬಸ್‌ಸ್ಟಾಪಿನಲ್ಲಿ ನಿಂತಿದ್ದ. ಎದುರಿಗೆ ಮಿರ್ಚಿ ಭಜಿಯ ಬಂಡಿ. ಅದಕ್ಕೆ ಕಟ್ಟಿದ ಬಟ್ಟೆ ಗಾಳಿಗೆ ಉಬ್ಬಿತ್ತು. ಒಲೆಯ ಹೊಗೆಯೂ ಬಟ್ಟೆ ಉಬ್ಬಿದ ಕಡೆಗೇ ಓಡುತ್ತಿತ್ತು. ಬಂಡೆಪ್ಪನಿಗೆ ಆಗ ಹೊಳೆಯಿತು. ತನ್ನ ಹಡಗಿನ ಹಾಯಿಗಳು ಹಿಂದಿನ ಗಾಳಿಗೆ ಮುಂದಕ್ಕೆ ಉಬ್ಬಿವೆ, ಹೊಗೆ ಮಾತ್ರ ರೈಲಿನ ಹೊಗೆಯಂತೆ ಹಿಂದಕ್ಕೆ ಹೋಗುತ್ತಿದೆ! ಗಾಳಿ ಬಂದಾಗ ತೂರಿಕೋ ಎನ್ನುತ್ತಾರೆ. ಈ ಪುಣ್ಯಾತ್ಮ ಗಾಳಿ ಯಾವ ಕಡೆಯದೆಂದೇ ನೋಡಿರಲಿಲ್ಲ.

ಬಸ್ಸಿನಲ್ಲಿ ಒಂದೇ ಕುದಿತ. ಬಾಯಿ ಮುಚ್ಚಿಕೊಂಡರೆ? ಕಡಲು ಬಲ್ಲವರು ಕಂಡುಹಿಡಿದೇ ಹಿಡಿಯುತ್ತಾರೆ, ಎಲ್ಲರ ಮಾನ ಹೋಗುತ್ತದೆ. ಹೇಳಿದರೆ ಹೋಗುವುದು ತನ್ನ ಕೆಲಸ. ಕೊನೆಗೆ ನೇರವಾಗಿ ತಂಡದ ಮುಖ್ಯಸ್ಥೆ, ಹೊನ್ನಾವರದ ನಲಿನಿಯ ಮುಂದೆ ಹೋಗಿ ನಿಂತ.

"ಮೇಡಂ, ತಪ್ಪಾಗೇತ್ರಿ. ಹೊಗಿ ಉಲ್ಟಾ ಹೊಂಟೈತ್ರಿ."

ನಲಿನಿ ನೋಡಿ ತಲೆಯ ಮೇಲೆ ಕೈಯಿಟ್ಟಳು. "ಕಡಲ ದಂಡೆಯಲ್ಲೇ ಹುಟ್ಟಿದ ನನಗೂ ಕಾಣಲಿಲ್ಲವಲ್ಲ ಮಾರಾಯ! ತಿರುಗಿಸಲಿಕ್ಕೆ ಈಗ ಟೈಮಿಲ್ಲ." ಪರದೆಯ ಮೇಲಿನ ಚಿಮಣಿಯನ್ನು ದೊಡ್ಡದು ಮಾಡಿ ನೋಡಿದಳು. "ಒಳ್ಳೆ ಗಾಳಿ ಸಿಕ್ಕರೆ ಆ ಕಾಲದ ನಾವಿಕರು ಬಾಯ್ಲರಿನ ಬೆಂಕಿ ಆರಿಸಿ ಹಾಯಿಯಲ್ಲೇ ಹೋಗ್ತಿದ್ರು, ಕಲ್ಲಿದ್ದಲು ಉಳೀಲಿ ಅಂತ. ಹೊಗೆ ತೆಗೆದರೆ ಎಲ್ಲ ಸರಿಯಾಗ್ತದೆ. ಆದರೆ ನಿನ್ನದು ಅಂತ ಏನೂ ಉಳಿಯೂದಿಲ್ಲ ಬಂಡೆಪ್ಪ."

"ತೆಗೀತೀನ್ರಿ" ಎಂದ.

ತಿಂಗಳುಗಟ್ಟಲೆ ಸಾಕಿದ್ದನ್ನು ಕೈಯಾರೆ ಒಂದೊಂದೇ ದೃಶ್ಯದಿಂದ ಅಳಿಸಿದ.

ಇಂಗ್ಲೆಂಡಿನವರು ಮೆಚ್ಚಿದರು. ಹಾಯಿಗಳನ್ನು ಮಾಡಿದವರು ಯಾರೆಂದು ಕೇಳಿದರು. ಎಲ್ಲರೂ ಋಷಭನಿಗೆ ಚಪ್ಪಾಳೆ ತಟ್ಟಿದರು, ಬಂಡೆಪ್ಪನೂ ತಟ್ಟಿದ. ನಲಿನಿ ಮಾಲೀಕರ ಹತ್ತಿರ ನಡೆದದ್ದನ್ನೆಲ್ಲ ಹೇಳಿ ವಾದಿಸಿದಳು. "ತೋರಿಸೋದಕ್ಕೆ ಅವನ ಕೆಲಸ ಎಲ್ಲಿದೆ?" ಎಂದರಂತೆ ಅವರು. ಖಾಯಂ ಆದವನು ಋಷಭ.

ಸ್ಟುಡಿಯೋದವರು ಕೊಟ್ಟ ಸಿಡಿಯೊಂದನ್ನು ಹಿಡಿದು ಬಂಡೆಪ್ಪ ಮನೆಗೆ ಬಂದ. ಕೆಲಸ ಹೋದದ್ದನ್ನು ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಶಿವದೇವಿ ಪಕ್ಕದ ಮನೆಯ ಶಂಕ್ರಮ್ಮನನ್ನೂ ಕರೆದು ಕೂರಿಸಿಬಿಟ್ಟಳು. ಹಡಗು ಹಾಯಿ ಬಿಚ್ಚಿಕೊಂಡು ಬಂತು.

"ಇದರಾಗ ನೀವು ಮಾಡಿದ್ದು ಯಾವುದ್ರಿ?" ಶಿವದೇವಿಯ ಮುಖ ಅರಳಿತ್ತು.

ಬಂಡೆಪ್ಪ ಬೆರಳು ಚಾಚಿದ. "ಆ ಚಿಮಣಿ ಮ್ಯಾಲ ಆಕಾಶ ಐತಲ್ಲ, ಅದು" ಎಂದ.

ಶಂಕ್ರಮ್ಮ ಕಣ್ಣು ಕಿರಿದು ಮಾಡಿ ನೋಡಿ, ಮೆಚ್ಚಿ ತಲೆದೂಗಿದಳು. "ಭಾಳ ಸ್ವಚ್ಛ ಮಾಡ್ಯಾರ ನೋಡವಾ."