ಮಂಚದ ಕೆಳಗಿನ ಪೇಟಿ

ನಿವೃತ್ತಿಯಾದ ಮೇಲೆ ಸಿಕ್ಕವರೆಲ್ಲ ಒಂದೇ ಮಾತು ಹೇಳುತ್ತಾರೆ: ಸುಮ್ಮನೆ ಕೂಡಬೇಡಿ, ಏನಾದರೂ ಹೊಸ ಹವ್ಯಾಸ ಹಚ್ಚಿಕೊಳ್ಳಿ. ಹಚ್ಚಿಕೊಂಡು ಹಚ್ಚಿಕೊಂಡೇ ನನಗೆ ಸಾಕಾಗಿ ಹೋಗಿದೆ. ಅದನ್ನು ಹೇಳಿದರೆ ನಗುತ್ತಾರೆ, ಅದಕ್ಕೆ ತಲೆಯಾಡಿಸಿ ಮುಂದೆ ಹೋಗುತ್ತೇನೆ.

ಗಂಗಾವತಿಯಲ್ಲಿ ಶಾಲೆಗೆ ಹೋಗುವಾಗ ಕಡ್ಡಿಪೆಟ್ಟಿಗೆಯ ಮೇಲಿನ ಚಿತ್ರಗಳನ್ನು ಕೂಡಿಸುತ್ತಿದ್ದೆ. ರೈಸ್ ಮಿಲ್ಲಿನ ಹಮಾಲರು ಬೀಡಿ ಹಚ್ಚಿ ಎಸೆದ ಖಾಲಿ ಪೆಟ್ಟಿಗೆಗಾಗಿ ಬಿಸಿಲಲ್ಲಿ ಕಾಯುತ್ತಿದ್ದೆ. ಒಂದು ಮಳೆಗಾಲ ಅವನ್ನೆಲ್ಲ ಗೆದ್ದಲು ತಿಂದಿತು. ಆಗ ಅತ್ತದ್ದು ನೆನಪಿಲ್ಲ, ಒಳಗೊಳಗೆ ಹಗುರಾದದ್ದು ನೆನಪಿದೆ. ಮುಂದೆ ಎಲ್ಲವೂ ಹೀಗೇ ಆಗುತ್ತದೆಂದು ಆವಾಗಲೇ ತಿಳಿಯಬೇಕಿತ್ತು.

ನೌಕರಿ ಹತ್ತಿ ಕುಷ್ಟಗಿಗೆ ಹೋದಾಗ ಕೇರಂ ಹುಚ್ಚು. ರೂಮಿನ ಗೆಳೆಯರನ್ನು ಸೋಲಿಸಬೇಕೆಂದು ಸ್ವಂತ ಬೋರ್ಡು ತಂದೆ. ಬೋರ್ಡು ಬಂತು, ಗೆಳೆಯರಿಗೆ ವರ್ಗವಾಯಿತು. ಮದುವೆಯಾಗಿ ಕೊಪ್ಪಳದಲ್ಲಿ ಮನೆ ಮಾಡಿದ ಮೇಲೆ ಪೇಟಿ ಕೊಂಡೆ, ಹಾರ್ಮೋನಿಯಂ. ಮಾಸ್ತರರೊಬ್ಬರು ನಾಲ್ಕು ತಿಂಗಳು ಸಂಜೆ ಮನೆಗೇ ಬಂದು ಕಲಿಸಿದರು. ಅಷ್ಟರಲ್ಲಿ ನನಗೆ ಯಲಬುರ್ಗಾಕ್ಕೆ ವರ್ಗವಾಯಿತು. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು, ನಡುವೆ ಫೈಲು. ಮನೆಗೆ ಬಂದರೆ ಚಪ್ಪಲಿ ಬಿಚ್ಚುವಷ್ಟೂ ತ್ರಾಣ ಇರುತ್ತಿರಲಿಲ್ಲ. ನನ್ನ ಹೆಂಡತಿ ಪೇಟಿಗೆ ಹಳೆಯ ಕೌದಿ ಸುತ್ತಿ ಮಂಚದ ಕೆಳಗೆ ಸರಿಸಿದಳು. ಆಮೇಲೆ ಕ್ಯಾಮೆರಾ, ಅದರ ನಂತರ ಮಾಳಿಗೆಯ ಮೇಲೆ ಗುಲಾಬಿ ಕುಂಡಗಳು. ಸವಳು ನೀರಿಗೆ ಗುಲಾಬಿ ಒಣಗಿದವು. ಆರಂಭಶೂರ ಎಂದು ಯಾರಾದರೂ ವಿಳಾಸ ಹುಡುಕಿಕೊಂಡು ಬಂದರೆ ನೆಟ್ಟಗೆ ನಮ್ಮ ಮನೆಗೇ ಕಳಿಸಬಹುದು.

ಇದನ್ನೆಲ್ಲ ನಾನು ಮರೆತರೂ ಮಹಾನವಮಿ ಮರೆಯಗೊಡುತ್ತಿರಲಿಲ್ಲ. ಆ ದಿನ ನಮ್ಮ ಕಡೆ ಖಂಡೇಪೂಜೆ, ಮನೆಯ ಆಯುಧಗಳಿಗೆಲ್ಲ ಪೂಜೆ. ಬೇರೆಯವರ ಮನೆಯಲ್ಲಿ ಕುಡುಗೋಲು, ಕೊಡಲಿ, ಮೋಟಾರು ಸೈಕಲ್ಲು. ನಮ್ಮಲ್ಲಿ ಈಳಿಗೆಮಣೆಯ ಪಕ್ಕ ಕೇರಂ ಬೋರ್ಡು, ಪೇಟಿ, ಕ್ಯಾಮೆರಾ, ಗಿಡಕ್ಕೆ ನೀರು ಹಾಕುವ ಝಾರಿ. ಎಲ್ಲಕ್ಕೂ ಹೆಂಡತಿ ವಿಭೂತಿ ಎಳೆದು, ಚೆಂಡುಹೂವು ಏರಿಸುತ್ತಿದ್ದಳು. ನನ್ನ ಸೋಲುಗಳು ಹಣೆಗೆ ವಿಭೂತಿ ಹಚ್ಚಿಕೊಂಡು ಸಾಲಾಗಿ ಕೂತು ನನ್ನನ್ನೇ ನೋಡುತ್ತಿದ್ದವು. ಪೂಜೆಯಾದದ್ದನ್ನು ಮರುದಿನ, ಬನ್ನಿ ಕೊಡುವ ಮೊದಲು, ಒಮ್ಮೆ ಬಳಸಲೇಬೇಕು ಎಂಬುದು ಅವಳ ತವರಿನ ಪದ್ಧತಿ. ಹೀಗಾಗಿ ವರ್ಷಕ್ಕೊಮ್ಮೆ ಪೇಟಿಯ ಮುಂದೆ ಕೂತು ನೆನಪಿದ್ದ ನಾಲ್ಕು ಸ್ವರ ಒತ್ತುತ್ತಿದ್ದೆ. ಇಷ್ಟು ವರ್ಷವಾದರೂ ಸ್ವರದ ಒಂದು ಮನೆಯೂ ಒತ್ತಿದಲ್ಲೇ ಹಿಡಿದುಕೊಂಡಿಲ್ಲ, ಎಂಥ ಗಟ್ಟಿ ಮಾಲು ಎಂದು ಹೊಗಳಿ ಎದ್ದುಬಿಡುತ್ತಿದ್ದೆ.

ಈ ಸಲ ಹಬ್ಬ ಹತ್ತಿರ ಬಂದಾಗ ಆ ಸಾಲನ್ನು ಮತ್ತೆ ನೋಡುವ ಶಕ್ತಿ ನನಗಿರಲಿಲ್ಲ. ಅವಳು ಕನಕಗಿರಿಗೆ ತಂಗಿಯ ಮನೆಗೆ ಹೋಗಿದ್ದಳು. ನನ್ನ ಜೊತೆ ಓದಿದ ಗೆಳೆಯನೊಬ್ಬ ಗಂಗಾವತಿಯಾಚೆ ಮರಳಿ ಎಂಬ ಊರಿನ ಗುಡಿಯಲ್ಲಿ ಭಜನಾ ಮೇಳ ನಡೆಸುತ್ತಾನೆ. ಅವನನ್ನು ಕರೆಸಿ ಪೇಟಿ ಕೊಟ್ಟುಬಿಟ್ಟೆ. ಅವನು ಅಲ್ಲೇ ಕೂತು ನುಡಿಸಿ ನೋಡಿ, ನೀನು ಇದನ್ನು ದಿನಾ ನುಡಿಸುತ್ತಿದ್ದಿ ಅಂತ ಕಾಣುತ್ತದೆ, ಇಲ್ಲದಿದ್ದರೆ ಮನೆಗಳು ಇಷ್ಟು ಹಗುರ ಇರುವುದಿಲ್ಲ ಎಂದ. ನಾನು ಹೂಂ ಎಂದೆ. ಪುಕ್ಕಟೆ ಬಂದ ಹೊಗಳಿಕೆಯನ್ನು ಯಾರು ಬಿಡುತ್ತಾರೆ?

ಹಬ್ಬದ ಹಿಂದಿನ ದಿನ ಅವಳು ಕಸಬರಿಗೆ ಹಿಡಿದು ಮಂಚದ ಕೆಳಗೆ ಬಾಗಿದಳು. ಎದ್ದವಳ ಕೈಯಲ್ಲಿ ಬರೀ ಕೌದಿ ಇತ್ತು. ಪೇಟಿ ಎಲ್ಲಿ ಎಂದು ಕೇಳಿದಳು. ಒಳ್ಳೆಯ ಕೆಲಸ ಮಾಡಿದವನಂತೆ ಹೇಳಿದೆ. ಅವಳು ಕೌದಿ ಮಡಿಚುತ್ತ ನೆಲಕ್ಕೇ ಕೂತಳು.

“ಅದನ್ನ ನಾ ಬಾರಸ್ತಿದ್ನಿ” ಎಂದಳು.

“ಯಾವಾಗ?”

“ನೀವು ಯಲಬುರ್ಗಾ ಬಸ್ ಹತ್ತಿದ ಮ್ಯಾಲ.”

ಮಾಸ್ತರರು ಪಡಸಾಲೆಯಲ್ಲಿ ನನಗೆ ಹೇಳಿಕೊಡುವಾಗ ಅವಳು ಒಳಗೆ ರೊಟ್ಟಿ ಬಡಿಯುತ್ತ ಕೇಳಿಸಿಕೊಂಡಿದ್ದಳಂತೆ. ಮಧ್ಯಾಹ್ನ ಬಾಗಿಲು ಹಾಕಿಕೊಂಡು ಒಂದೊಂದೇ ಮನೆ ಹುಡುಕಿ ಕಲಿತಳಂತೆ. ನಾನು ನಿವೃತ್ತನಾಗಿ ಹೊತ್ತಾರೆಯಿಂದ ಸಂಜೆತನಕ ಮನೆಯಲ್ಲೇ ಬಿದ್ದುಕೊಂಡ ಮೇಲೆ ಅದು ನಿಂತಿತ್ತು. ನಾನು ವಾಕಿಂಗ್ ಆದರೂ ಶುರು ಮಾಡಲಿ ಎಂದು ಕಾಯುತ್ತಿದ್ದಳಂತೆ. ನನಗೊಂದು ಮಾತು ಯಾಕೆ ಹೇಳಲಿಲ್ಲ ಎಂದು ನಾನೇ ಸಿಟ್ಟು ಮಾಡಿದೆ.

“ಹೇಳಿದ್ರ ನೀವು ನನಗ ಕಲಸಾಕ ಕುಂದರ್ತಿದ್ರಿ” ಎಂದಳು.

ಅವಳು ಹೇಳಿದ್ದು ಖರೇ. ನನಗೆ ಬಹಳ ನಾಚಿಕೆಯಾಯಿತು. ಮರುದಿನ ಪೂಜೆಯಲ್ಲಿ ಪೇಟಿಯ ಜಾಗಕ್ಕೆ ಏನನ್ನೂ ಇಡದೆ, ಅಷ್ಟು ನೆಲ ಖಾಲಿ ಬಿಟ್ಟು, ಉಳಿದವಕ್ಕೆ ಹೂವು ಏರಿಸಿದಳು.

ಹಬ್ಬ ಮುಗಿದ ಮೇಲೆ, ವಾಪಸು ಕೇಳಿ ತರುತ್ತೇನೆ ಎಂದು ಹೊರಟೆ. ಅವಳೂ ಬಂದಳು. ಬಸ್ಸಿನಲ್ಲಿ ಗಂಗಾವತಿ ದಾಟಿ ಮರಳಿಗೆ ಇಳಿದೆವು. ಮರಳಿಯ ಗುಡಿಯಲ್ಲಿ ಪೇಟಿ ದೇವರ ಮುಂದೆ ಇತ್ತು, ಅದಕ್ಕಾಗಲೇ ಅವರ ಪೂಜೆಯೂ ಆಗಿತ್ತು. ಗುಡಿಗೆ ಕೊಟ್ಟದ್ದನ್ನು ಹಿಂದಕ್ಕೆ ಕೇಳುವುದು ನಮ್ಮಲ್ಲಿಲ್ಲ. ಬಾಯಿ ತೆರೆಯುವ ಮೊದಲೇ ಗೆಳೆಯ ನನ್ನ ಕೈ ಹಿಡಿದು ಚಾಪೆಗೆ ಎಳೆದ. ದಿನಾ ನುಡಿಸುವವನು ನೀನು, ಒಂದು ಭಜನಾ ಪದ ನುಡಿಸು ಎಂದ.

ಆಯಾಸವೋ, ಇನ್ನೊಂದು ಸುಳ್ಳಿಗೆ ಮನಸ್ಸು ಬರಲಿಲ್ಲವೋ, “ನನಗ ಬರೂದಿಲ್ಲೋ, ದಿನಾ ಬಾರಸ್ತಿದ್ದಾಕಿ ಈಕಿ” ಎಂದೆ.

ಅವನು ಅವಳನ್ನೂ ನನ್ನನ್ನೂ ನೋಡಿ, ಎದ್ದು ಚಾಪೆ ಸರಿ ಮಾಡಿ, ಬಾ ತಂಗಿ ಎಂದ. ಅವಳು ಕೂತಳು, ಸೆರಗು ಸರಿಪಡಿಸಿಕೊಂಡಳು, ಆದರೆ ಮನೆಗಳ ಮೇಲೆ ಬೆರಳಿಡಲಿಲ್ಲ.

“ನೀವು ಹೊರಗ ಹೋಗ್ರಿ. ನೀವು ಮುಂದಿದ್ರ ಕೈ ಬರೂದಿಲ್ಲ.”

ಹೊರಗೆ ಕಟ್ಟೆಯ ಮೇಲೆ ಕಾಲು ಚಾಚಿ ಕೂತೆ. ಮೊದಲು ಬರೀ ಗಾಳಿ, ಆಮೇಲೆ ಸ್ವರ. ಮಾಸ್ತರರು ನನಗೆ ಹಾಕಿಕೊಟ್ಟ ಪಾಠವೇ ಅದು. ನಾನು ದಿನಾ ಎಡವುತ್ತಿದ್ದ ಜಾಗ ಬಂತು. ಅವಳು ಎಡವದೆ ಮುಂದೆ ಹೋದಳು, ನನಗೆ ಗೊತ್ತಿಲ್ಲದ ಕಡೆಗೆ. ಒಂದು ಮುಗಿದು ಇನ್ನೊಂದು ಶುರುವಾಯಿತು. ಕೊಪ್ಪಳಕ್ಕೆ ಹೋಗುವ ಹೊತ್ತಾಯಿತೆಂದು ಎರಡು ಸಲ ಬಾಗಿಲ ಕಡೆ ನೋಡಿದೆ. ಒಳಗಿನಿಂದ ಯಾರೂ ನನ್ನನ್ನು ಕರೆಯಲಿಲ್ಲ.